ಥೀಮ್ ಪಾರ್ಕ್‌ನಲ್ಲಿ ಹುಟ್ಟುಹಬ್ಬ: ಎಷ್ಟು ಜನ, ಯಾವ ದಿನ, ಯಾವ ಪಾರ್ಕ್?

ಹುಟ್ಟುಹಬ್ಬಕ್ಕೆ ಥೀಮ್ ಪಾರ್ಕ್‌ಗೆ ಹೋಗಬೇಕು, ಅದೂ ನಮ್ಮ ಹಾಗೇ ಪಾರ್ಕ್ ಹುಚ್ಚು ಹತ್ತಿಸಿಕೊಂಡವರ ಜೊತೆ ಹೋಗಬೇಕು ಅಂತ ತೀರ್ಮಾನವಾದ ಕೂಡಲೇ ಎಲ್ಲರೂ ಕೇಳೋದು "ಯಾವ ಪಾರ್ಕ್?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಎಷ್ಟು ಜನ, ಯಾರು ಯಾರು ಅನ್ನೋದು ಗಟ್ಟಿಯಾಗಲಿ. ದೊಡ್ಡ ರೋಲರ್ ಕೋಸ್ಟರ್ ಒಂದು ಹೊರಟು ವಾಪಸ್ ಬರೋದಕ್ಕೆ ಎರಡು ಮೂರು ನಿಮಿಷ ಸಾಕು. ಬೆಳಿಗ್ಗೆ ಗೇಟ್ ತೆಗೆದಾಗಿನಿಂದ ರಾತ್ರಿ ಮುಚ್ಚೋವರೆಗೆ ಲೆಕ್ಕ ಹಾಕಿ ನೋಡಿ, ರೈಡ್ ಮೇಲೆ ಕೂತಿರುವ ಹೊತ್ತು ಒಟ್ಟು ಒಂದು ಗಂಟೆಯೂ ಆಗೋದು ಕಷ್ಟ. ಉಳಿದಿದ್ದೆಲ್ಲ ಕ್ಯೂ, ನಡಿಗೆ, ಊಟ, ಯಾರಿಗೋ ಕಾಯೋದು. ಆ ಹೊತ್ತನ್ನು ಯಾರ ಜೊತೆ ಕಳೆಯುತ್ತೀರಿ ಅನ್ನೋದರ ಮೇಲೆ ಹುಟ್ಟುಹಬ್ಬ ಚೆನ್ನಾಗಿತ್ತಾ ಇಲ್ಲವಾ ಅನ್ನೋದು ನಿಂತಿದೆ.

ಅದಕ್ಕೇ ಕೆಳಗಿನ ಹೋಲಿಕೆಯನ್ನು ಜನರಿಂದಲೇ ಶುರು ಮಾಡುತ್ತೇನೆ.

ನಾಲ್ಕು ಜನವಾ, ಹನ್ನೆರಡು ಜನವಾ, ಎಲ್ಲರಿಗೂ ಬುಲಾವಾ?

ನನ್ನ ಮೊದಲ ಆಯ್ಕೆ ನಾಲ್ಕು. ಹೆಚ್ಚೆಂದರೆ ಆರು. ಕಾರಣ ಸರಳ. ಕೋಸ್ಟರ್ ರೈಲುಗಳಲ್ಲಿ ಸಾಲಿಗೆ ಇಬ್ಬರು ಅಥವಾ ನಾಲ್ವರು ಕೂರುವ ವ್ಯವಸ್ಥೆಯೇ ಜಾಸ್ತಿ. ನಾಲ್ವರಿದ್ದರೆ ಎರಡೂ ಕಡೆ ಸರಿಹೋಗುತ್ತದೆ. ಐವರಿದ್ದರೆ ಪ್ರತಿ ರೈಡ್‌ನಲ್ಲೂ ಒಬ್ಬರು ಗೊತ್ತಿಲ್ಲದವರ ಪಕ್ಕ ಕೂರಬೇಕು, ಪ್ರತಿ ಸಲ ರೈಡ್ ಹತ್ತುವ ಜಾಗಕ್ಕೆ, ಅಂದರೆ ಸ್ಟೇಷನ್‌ಗೆ ಬಂದಾಗ "ಈ ಸಲ ಯಾರು?" ಅನ್ನೋ ಮಾತು. ಹುಟ್ಟುಹಬ್ಬದವರನ್ನು ಒಂಟಿಯಾಗಿ ಕೂರಿಸೋ ಹಾಗಿಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಅರ್ಧ ಗೊಂದಲ ಕಡಿಮೆ. ಆದರೂ ಸಮಸಂಖ್ಯೆಯೇ ವಾಸಿ.

ಹತ್ತು ಹನ್ನೆರಡು ಜನ ಅಂದರೆ ಕೇಳೋದಕ್ಕೆ ಖುಷಿ. ದಿನ ಮಾತ್ರ ನಿಧಾನವಾಗುತ್ತದೆ. ಒಬ್ಬರಿಗೆ ಶೌಚಾಲಯ, ಇನ್ನೊಬ್ಬರಿಗೆ ನೀರು, ಮತ್ತೊಬ್ಬರಿಗೆ ಅಂಗಡಿಯಲ್ಲಿ ಟೀಶರ್ಟ್ ನೋಡಬೇಕು, ಉಳಿದ ಒಂಬತ್ತು ಜನ ಬಿಸಿಲಲ್ಲಿ ನಿಂತಿರುತ್ತಾರೆ. ರೆಸ್ಟೋರೆಂಟ್‌ನಲ್ಲಿ ಹನ್ನೆರಡು ಜನಕ್ಕೆ ಒಂದೇ ಟೇಬಲ್ ಸಿಗೋದು ಕಷ್ಟ. ಕ್ಯೂ ತಪ್ಪಿಸುವ ಪಾಸ್ ತಗೊಂಡರೂ ಹನ್ನೆರಡು ಜನಕ್ಕೂ ಒಂದೇ ಹೊತ್ತಿನ ಸ್ಲಾಟ್ ಸಿಗಬೇಕಲ್ವಾ? ಇನ್ನು ಹನ್ನೆರಡು ಜನರಲ್ಲಿ ಒಬ್ಬರಿಗೆ ತಲೆಕೆಳಗಾಗುವ ರೈಡ್ ಆಗಲ್ಲ, ಒಬ್ಬರಿಗೆ ನೀರಿನ ರೈಡ್ ಬೇಡ, ಒಬ್ಬರ ಜೊತೆ ಪುಟ್ಟ ಮಗು ಇದೆ. ಯಾರನ್ನೂ ಬಿಡಬಾರದು ಅಂತ ಎಲ್ಲರಿಗೂ ಆಗುವ ರೈಡ್‌ಗಳನ್ನಷ್ಟೇ ಹುಡುಕುತ್ತಾ ಹೋದರೆ ಯಾರಿಗೂ ತಮಗಿಷ್ಟದ್ದು ಸಿಗದೆ ಸಂಜೆಯಾಗುತ್ತದೆ.

ಹಾಗಂತ ದೊಡ್ಡ ಗುಂಪು ಬೇಡವೇ ಬೇಡ ಅಂತ ನಾನು ಹೇಳಲ್ಲ. ಅದಕ್ಕೊಂದು ದಾರಿ ಇದೆ, ಇದು ನನಗೆ ತುಂಬಾ ಇಷ್ಟವಾದ ದಾರಿ: ಇಡೀ ದಿನ ನಾಲ್ವರು, ಒಂದು ಗಂಟೆ ಮಾತ್ರ ಎಲ್ಲರೂ. ಪಾರ್ಕ್‌ನಲ್ಲಿ ಆ ದಿನ ಇರುವ ಪರಿಚಯದ ಫ್ಯಾನ್‌ಗಳಿಗೆಲ್ಲ "ನಾಲ್ಕು ಗಂಟೆಗೆ ಈ ಕೋಸ್ಟರ್ ಮುಂದೆ ಬನ್ನಿ, ಒಂದು ರೈಲು ತುಂಬಿಸೋಣ" ಅಂತ ಹೇಳಿ. ಸಾಲಿಗೆ ನಾಲ್ವರಂತೆ ಎಂಟು ಸಾಲಿನ ಕೋಸ್ಟರ್ ರೈಲಿನಲ್ಲಿ 32 ಜನ ಹಿಡಿಸುತ್ತಾರೆ, ಸಾಲಿಗೆ ಇಬ್ಬರಂತೆ ಹನ್ನೆರಡು ಸಾಲು ಇದ್ದರೆ 24. ಇಪ್ಪತ್ತು ಜನ ಬಂದರೂ ರೈಲು ಹೆಚ್ಚುಕಡಿಮೆ ನಿಮ್ಮದೇ.

ಅದು ಹೇಗಿರುತ್ತದೆ ಅಂದರೆ, ಸ್ಟೇಷನ್ ಒಳಗೆ ಬಂದಾಗ ಮುಂದಿನ ಸಾಲಿಗೆ ಕಾಯುತ್ತಿದ್ದವರೇ ಎದೆಯ ಮೇಲಿನ ಹುಟ್ಟುಹಬ್ಬದ ಬ್ಯಾಡ್ಜ್ ನೋಡಿ ಪಕ್ಕಕ್ಕೆ ಸರಿದು "ನೀವು ಮೊದಲು ಹೋಗಿ" ಅಂತಾರೆ. ತೊಡೆಯ ಮೇಲಿನ ತಡೆಪಟ್ಟಿ (ಲ್ಯಾಪ್ ಬಾರ್) ಒತ್ತಿ ನೋಡುತ್ತಾ ಬರುವ ಆಪರೇಟರ್ ಯಾರ ಹುಟ್ಟುಹಬ್ಬ ಅಂತ ಕೇಳುತ್ತಾರೆ, ಹಿಂದಿನ ಸಾಲಿನಿಂದ ಮೂರು ನಾಲ್ಕು ಕೈ ಒಟ್ಟಿಗೆ ಮುಂದಕ್ಕೆ ತೋರಿಸುತ್ತವೆ. ಮೈಕಿನಲ್ಲಿ ಹೆಸರು ಕೂಗಿದ ತಕ್ಷಣ ಎದುರಿನ ಕ್ಯೂನಲ್ಲಿ ನಿಂತ ಗುರುತಿಲ್ಲದ ಜನರೂ ಚಪ್ಪಾಳೆ ತಟ್ಟುತ್ತಾರೆ. ರೈಲು ಚೈನ್ ಹಿಡಿದು ಟಕ್ ಟಕ್ ಅಂತ ಮೇಲೇರುವಾಗ ಇಡೀ ರೈಲು ಹಾಡುತ್ತಿರುತ್ತದೆ, ತುದಿಗೆ ಬಂದಾಗ ಹಾಡು ಅರ್ಧಕ್ಕೇ ನಿಂತು ಕಿರುಚಾಟ ಶುರು. ನಮ್ಮ ಗುಂಪಿನ ಒಬ್ಬಳ ಹುಟ್ಟುಹಬ್ಬದಲ್ಲಿ ಹೀಗೇ ಆಯಿತು, ಇಳಿದ ಮೇಲೆ ಅವಳು ಅಳುತ್ತಾ ನಗುತ್ತಿದ್ದಳು. ಇಡೀ ದಿನ ಇಪ್ಪತ್ತು ಜನ ಜೊತೆಗಿದ್ದಿದ್ದರೆ ಆ ಹೊತ್ತಿಗೆ ಎಲ್ಲರೂ ಸುಸ್ತಾಗಿರುತ್ತಿದ್ದರು.

ಒಂದು ಎಚ್ಚರ. ಹೀಗೆ ಸೇರುವವರು ಎಲ್ಲರೂ ಒಟ್ಟಿಗೇ ಕ್ಯೂಗೆ ಹೋಗಬೇಕು. ಇಬ್ಬರು ಮುಂದೆ ನಿಂತು ಆಮೇಲೆ ಹದಿನೆಂಟು ಜನರನ್ನು ಒಳಗೆ ಎಳೆದುಕೊಳ್ಳೋದು ಬೇರೆಯವರಿಗೆ ಅನ್ಯಾಯ, ಅನೇಕ ಪಾರ್ಕ್‌ಗಳಲ್ಲಿ ಇದಕ್ಕೆ ಹೊರಗೆ ಕಳಿಸುವಷ್ಟು ಕಟ್ಟುನಿಟ್ಟಿನ ನಿಯಮವೂ ಇದೆ.

ಅದೇ ದಿನವಾ, ಹಿಂದೆ ಮುಂದೆಯಾ?

ಹುಟ್ಟಿದ ದಿನವೇ ಹೋಗಬೇಕು ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಕೆಲವು ಪಾರ್ಕ್‌ಗಳು ಹುಟ್ಟುಹಬ್ಬದ ದಿನಕ್ಕೆ ಮಾತ್ರ ರಿಯಾಯಿತಿ ಕೊಡುತ್ತವೆ. 2009ರಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳು ಹುಟ್ಟುಹಬ್ಬದ ದಿನ ಬಂದವರಿಗೆ ಪ್ರವೇಶವನ್ನೇ ಉಚಿತ ಮಾಡಿದ್ದವು, ಅದು ಆ ಒಂದು ವರ್ಷದ ಯೋಜನೆ. ನೀವು ಹೋಗುವ ಪಾರ್ಕ್‌ನಲ್ಲಿ ಅಂಥದ್ದು ಈಗ ಇದೆಯಾ, ವಯಸ್ಸಿನ ಮಿತಿ ಇದೆಯಾ, ಗುರುತಿನ ಚೀಟಿ ಬೇಕಾ ಅಂತ ಟಿಕೆಟ್ ತೆಗೆಯೋ ಮೊದಲು ಅವರ ಅಧಿಕೃತ ತಾಣದಲ್ಲೇ ನೋಡಿ. ಹಳೆಯ ವಿಡಿಯೋ ನೋಡಿ ನಂಬಬೇಡಿ.

ರಿಯಾಯಿತಿ ಇಲ್ಲದಿದ್ದರೆ ಪಟ್ಟು ಹಿಡಿಯೋದು ಬೇಡ. ಹುಟ್ಟುಹಬ್ಬ ಶನಿವಾರ ಬಂದಿದ್ದರೆ ಹಿಂದಿನ ಮಂಗಳವಾರವೋ ಬುಧವಾರವೋ ಹೋಗೋದು ಎಷ್ಟೋ ಮೇಲು. ಗಂಟೆಗೆ ಸಾವಿರ ಜನರನ್ನು ಕಳಿಸುವ ರೈಡ್ ಮುಂದೆ ಐನೂರು ಜನ ನಿಂತಿದ್ದರೆ ಅರ್ಧ ಗಂಟೆ, ಎರಡು ಸಾವಿರ ಜನ ನಿಂತಿದ್ದರೆ ಎರಡು ಗಂಟೆ. ಅದೇ ರೈಡು, ಅದೇ ಎರಡು ನಿಮಿಷ. ಶಾಲೆಗಳಿಗೆ ರಜೆ ಇರುವ ದಿನ, ಉದ್ದ ವೀಕೆಂಡ್, ಇವನ್ನು ಸುಮ್ನೆ ಬಿಟ್ಟುಬಿಡಿ.

ಹುಟ್ಟುಹಬ್ಬದ ಬ್ಯಾಡ್ಜ್‌ಗೂ ತಾರೀಖಿಗೂ ಅಂಥ ಗಟ್ಟಿ ಸಂಬಂಧ ಇಲ್ಲ. ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ಗೆಸ್ಟ್ ರಿಲೇಷನ್ಸ್ ಅನ್ನುವ ಸಹಾಯ ಕೇಂದ್ರಕ್ಕೆ ಹೋಗಿ ಕೇಳಿದರೆ ಹುಟ್ಟುಹಬ್ಬದ ಬ್ಯಾಡ್ಜ್ ಉಚಿತವಾಗಿ ಕೊಡುತ್ತಾರೆ, ಮಾರ್ಕರ್‌ನಲ್ಲಿ ಹೆಸರನ್ನೂ ಬರೆದುಕೊಡುತ್ತಾರೆ. ಟೋಕಿಯೊ ಡಿಸ್ನಿಯಲ್ಲಿ ಬ್ಯಾಡ್ಜ್ ಬದಲು ಸ್ಟಿಕ್ಕರ್. ಹುಟ್ಟುಹಬ್ಬ ಅದೇ ದಿನವಲ್ಲದೆ ಆ ವಾರದಲ್ಲಿ ಯಾವತ್ತಾದರೂ ಇದ್ದರೂ ಯಾರೂ ಬೇಡ ಅನ್ನಲ್ಲ. ಅದನ್ನು ಹಾಕಿಕೊಂಡ ಮೇಲೆ ಕಸ ಗುಡಿಸುವವರಿಂದ ಹಿಡಿದು ಐಸ್‌ಕ್ರೀಮ್ ಗಾಡಿಯವರವರೆಗೆ ದಿನವಿಡೀ ಶುಭಾಶಯ ಹೇಳುತ್ತಾರೆ. ನಾಚಿಕೆ ಸ್ವಭಾವದವರಿಗೆ ಇದು ಹಿಂಸೆಯಾಗಬಹುದು, ಅಂಥವರಿಗೆ ಬಲವಂತ ಮಾಡಿ ಹಾಕಿಸಬೇಡಿ.

ಇನ್ನೊಂದು ವಿಷಯ. ಪಾರ್ಕ್‌ಗೂ ಹುಟ್ಟುಹಬ್ಬ ಇರುತ್ತದೆ. ಮೊದಲ ಡಿಸ್ನಿಲ್ಯಾಂಡ್ (ಕ್ಯಾಲಿಫೋರ್ನಿಯಾದ್ದು) ತೆರೆದದ್ದು 1955ರ ಜುಲೈ 17ಕ್ಕೆ, ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ 1971ರ ಅಕ್ಟೋಬರ್ 1ಕ್ಕೆ, ಟೋಕಿಯೊ ಡಿಸ್ನಿಲ್ಯಾಂಡ್ 1983ರ ಏಪ್ರಿಲ್ 15ಕ್ಕೆ. ಈ ದಿನಗಳಲ್ಲಿ ಫ್ಯಾನ್‌ಗಳು ತಾವಾಗಿಯೇ ಬಂದು ಸೇರುತ್ತಾರೆ. ನಿಮ್ಮ ಹುಟ್ಟುಹಬ್ಬ ಇದರ ಹತ್ತಿರ ಇದ್ದರೆ ಪರಿಚಯದವರು ಕರೆಯದೇ ಸಿಗುತ್ತಾರೆ. ಜನಸಂದಣಿ ಮಾತ್ರ ಸಹಿಸಿಕೊಳ್ಳಬೇಕು. ರೈಡ್‌ಗಿಂತ ಜನ ಮುಖ್ಯ ಅನ್ನುವವರಿಗೆ ಇದು ಒಳ್ಳೆಯ ಆಯ್ಕೆ.

ಪಾತ್ರಗಳ ಪಾರ್ಕ್, ಕೋಸ್ಟರ್ ಪಾರ್ಕ್

ಇಲ್ಲಿ ನಿಮ್ಮ ಗುಂಪು ಯಾವುದರ ಫ್ಯಾನ್ ಅನ್ನೋದು ಬರುತ್ತದೆ. ಕಥೆ, ಪಾತ್ರ, ಪರೇಡ್, ಸಂಗೀತ ಇಷ್ಟಪಡುವವರು ಡಿಸ್ನಿ, ಯೂನಿವರ್ಸಲ್ ಕಡೆ. ವೇಗ, ಎತ್ತರ, ಸೀಟಿನಿಂದ ಮೇಲೇಳುವ ಕ್ಷಣ ಎಣಿಸುವವರು ಅಮೆರಿಕದ ಸೀಡರ್ ಪಾಯಿಂಟ್, ಜರ್ಮನಿಯ ಫ್ಯಾಂಟಾಸಿಯಾಲ್ಯಾಂಡ್, ಇಂಗ್ಲೆಂಡಿನ ಆಲ್ಟನ್ ಟವರ್ಸ್ ಕಡೆ. ಎರಡೂ ಇಷ್ಟ ಅನ್ನುವವರು ತುಂಬಾ ಜನ, ನಾನೂ ಹಾಗೇ. ಆದರೆ ಹುಟ್ಟುಹಬ್ಬದ ದಿನಕ್ಕೆ ಎರಡೂ ಬೇರೆ ಬೇರೆ ರೀತಿ ಒದಗುತ್ತವೆ.

ಪಾತ್ರಗಳ ಪಾರ್ಕ್‌ನಲ್ಲಿ ಆಚರಣೆಯ ಸಿದ್ಧತೆ ಪಾರ್ಕೇ ಮಾಡಿರುತ್ತದೆ. ಬ್ಯಾಡ್ಜ್, ಪಾತ್ರಗಳು ಟೇಬಲ್ ಹತ್ತಿರ ಬರುವ ಊಟ, ರಾತ್ರಿಯ ಬೆಳಕಿನ ಪ್ರದರ್ಶನ. ಗುಂಪಿನಲ್ಲಿ ಮಕ್ಕಳು, ವಯಸ್ಸಾದವರು ಇದ್ದರೂ ಯಾರೂ ಹೊರಗೆ ಉಳಿಯೋದಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಬಿಗ್ ಥಂಡರ್ ಮೌಂಟೇನ್ ಕೋಸ್ಟರ್ ಹತ್ತೋದಕ್ಕೆ 102 ಸೆಂಟಿಮೀಟರ್ ಎತ್ತರ ಸಾಕು, ಅದೇ ಸೀಡರ್ ಪಾಯಿಂಟ್‌ನ ಸ್ಟೀಲ್ ವೆಂಜೆನ್ಸ್‌ಗೆ 132 ಬೇಕು. ಈ ಮೂವತ್ತು ಸೆಂಟಿಮೀಟರ್‌ನಲ್ಲಿ ಎಷ್ಟೋ ಮಕ್ಕಳ ಮುಖ ಬಾಡುತ್ತದೆ. ಬೆಲೆ ಜಾಸ್ತಿ, ಪ್ಲಾನಿಂಗ್ ಇನ್ನೂ ಜಾಸ್ತಿ. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಊಟದ ಟೇಬಲ್ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಬೇಡಿಕೆ ಇರುವ ಜಾಗಗಳು ಬೇಗ ತುಂಬಿಹೋಗುತ್ತವೆ. ಹಾಗಾಗಿ ಎಷ್ಟು ಜನ ಅನ್ನೋದು ಎರಡು ತಿಂಗಳ ಹಿಂದೆಯೇ ಗೊತ್ತಿರಬೇಕು. "ನೋಡೋಣ, ಬಂದರೂ ಬರ್ತೀನಿ" ಅನ್ನುವ ಸ್ನೇಹಿತರನ್ನು ಕಟ್ಟಿಕೊಂಡು ಅಲ್ಲಿ ಆಗಲ್ಲ.

ಕೋಸ್ಟರ್ ಪಾರ್ಕ್‌ನಲ್ಲಿ ಯಾರೂ ಏನೂ ಸಿದ್ಧ ಮಾಡಿರೋದಿಲ್ಲ, ಆಚರಣೆ ನಿಮ್ಮ ಕೈಯಲ್ಲಿ. ಅಲ್ಲಿ ಫ್ಯಾನ್ ಸಂಗ ಮಾತ್ರ ದಟ್ಟ. ಕೋಸ್ಟರ್ ಮಂದಿ ಹೊಸದಾಗಿ ಹತ್ತಿದ ಪ್ರತಿ ಕೋಸ್ಟರ್‌ಗೂ ಒಂದು "ಕ್ರೆಡಿಟ್" ಅಂತ ಲೆಕ್ಕ ಇಡುತ್ತಾರೆ. ಹುಟ್ಟುಹಬ್ಬದ ದಿನ ನೂರನೆಯದೋ ಇನ್ನೂರನೆಯದೋ ಕ್ರೆಡಿಟ್ ಬರುವ ಹಾಗೆ ತಿಂಗಳುಗಟ್ಟಲೆ ಹೊಂದಿಸಿಕೊಂಡವರೂ ಇದ್ದಾರೆ. ಕಾಗದದ ಮೇಲೆ ಸಂಖ್ಯೆ ಬರೆದು ಹಿಡಿದು ಫೋಟೋ ತೆಗೆಸಿಕೊಳ್ಳುವ ಆ ಖುಷಿ ಕೋಸ್ಟರ್ ಗೊತ್ತಿಲ್ಲದವರಿಗೆ ಎಷ್ಟು ಹೇಳಿದರೂ ಅರ್ಥವಾಗಲ್ಲ, ಜೊತೆಗಿರುವ ಫ್ಯಾನ್‌ಗಳಿಗೆ ಹೇಳೋದೇ ಬೇಕಿಲ್ಲ.

ಅಪಾಯ ಇರೋದು ಹವಾಮಾನದಲ್ಲಿ. ಗುಡುಗು ಮಿಂಚು ಬಂದರೆ ಹೊರಗಿನ ಕೋಸ್ಟರ್‌ಗಳೆಲ್ಲ ನಿಲ್ಲುತ್ತವೆ, ಗಾಳಿ ಜೋರಾದರೆ ಎತ್ತರದವು ಮೊದಲು ನಿಲ್ಲುತ್ತವೆ. ಪಾತ್ರಗಳ ಪಾರ್ಕ್‌ನಲ್ಲಿ ಮಳೆ ಬಂದರೂ ಒಳಾಂಗಣ ರೈಡ್, ಶೋ ಇದ್ದೇ ಇರುತ್ತವೆ. ಮಳೆಗಾಲದಲ್ಲಿ ಹುಟ್ಟಿದವರು ಇದನ್ನು ಯೋಚಿಸಲೇಬೇಕು.

ನೀವೇ ಏರ್ಪಾಡು ಮಾಡೋದಾ, ಕ್ಲಬ್ ಜೊತೆ ಹೋಗೋದಾ?

ಜೊತೆಗೆ ಬರುವ ಫ್ಯಾನ್‌ಗಳೇ ಇಲ್ಲ ಅನ್ನುವವರು ನಿರಾಶರಾಗಬೇಡಿ, ನಿಮಗಾಗಿಯೇ ಕ್ಲಬ್‌ಗಳಿವೆ. ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್ 1978ರಲ್ಲಿ ಶುರುವಾದ ಸಂಘ. ಅದರ ಹಿಂದಿನ ವರ್ಷ, 1977ರಲ್ಲಿ, ಒಂದು ಕೋಸ್ಟರ್ ಮ್ಯಾರಥಾನ್‌ನಲ್ಲಿ ಪರಿಚಯವಾದವರು ಸೇರಿ ಕಟ್ಟಿದ್ದು. ಯುರೋಪಿಯನ್ ಕೋಸ್ಟರ್ ಕ್ಲಬ್ ಕೂಡ ಇದೆ. ಇಂಥ ಕ್ಲಬ್‌ಗಳು ಪಾರ್ಕ್ ಜೊತೆ ಮಾತಾಡಿ, ಸಾರ್ವಜನಿಕರಿಗೆ ಗೇಟ್ ತೆರೆಯೋ ಮೊದಲು ಅಥವಾ ಮುಚ್ಚಿದ ಮೇಲೆ ಸದಸ್ಯರಿಗೆ ಮಾತ್ರ ರೈಡ್ ಓಡಿಸುವ ಹೊತ್ತು ತೆಗೆದುಕೊಳ್ಳುತ್ತವೆ. ಫ್ಯಾನ್‌ಗಳ ಬಾಯಲ್ಲಿ ಅದು ಇ.ಆರ್.ಟಿ., ಅಂದರೆ ಎಕ್ಸ್‌ಕ್ಲೂಸಿವ್ ರೈಡ್ ಟೈಮ್. ಕ್ಯೂ ಇಲ್ಲ. ಇಳಿದು, ಸುತ್ತಿಕೊಂಡು ಬಂದು, ಮತ್ತೆ ಹತ್ತೋದು. ಒಂದು ಸಾಮಾನ್ಯ ದಿನ ಪೂರ್ತಿ ನಿಂತರೂ ಸಿಗದಷ್ಟು ಸಲ ಒಂದೇ ಗಂಟೆಯಲ್ಲಿ ಹತ್ತಬಹುದು.

ನೀವೇ ಏರ್ಪಾಡು ಮಾಡಿದರೆ ದಿನ ನಿಮ್ಮಿಷ್ಟ, ಜನ ನಿಮ್ಮಿಷ್ಟ. ಕ್ಲಬ್ ಕಾರ್ಯಕ್ರಮದಲ್ಲಿ ತಾರೀಖು ಅವರದ್ದು, ಸದಸ್ಯತ್ವ ಬೇಕು, ಹುಟ್ಟುಹಬ್ಬಕ್ಕೆ ಮೂರು ವಾರ ಹಿಂದೆಯೋ ಮುಂದೆಯೋ ಬೀಳಬಹುದು, ಆ ದಿನದ ಕೇಂದ್ರಬಿಂದು ನೀವಾಗಿರೋದಿಲ್ಲ. ಆದರೂ ಒಂಟಿ ಫ್ಯಾನ್‌ಗೆ ನಾನು ಕಣ್ಣುಮುಚ್ಚಿ ಕ್ಲಬ್ಬನ್ನೇ ಹೇಳುತ್ತೇನೆ. ರೈಡ್‌ನ ಸ್ಟೇಷನ್‌ನಲ್ಲಿ "ಇವತ್ತು ನನ್ನ ಹುಟ್ಟುಹಬ್ಬದ ಟ್ರಿಪ್" ಅಂತ ಒಬ್ಬರಿಗೆ ಹೇಳಿದರೆ ಸಾಕು, ಮಧ್ಯಾಹ್ನದೊಳಗೆ ಇಡೀ ಗುಂಪಿಗೆ ಗೊತ್ತಾಗಿರುತ್ತದೆ. ಮುಂದಿನ ವರ್ಷಕ್ಕೆ ನಿಮ್ಮ ನಾಲ್ವರು ಸಿಗೋದೂ ಅಲ್ಲೇ.

ಮೂರನೆಯ ದಾರಿ ರಾತ್ರಿಯ ವಿಶೇಷ ಟಿಕೆಟ್ ಪಾರ್ಟಿಗಳು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಆಗಸ್ಟ್‌ನಿಂದ ಶುರುವಾಗುವ ಹ್ಯಾಲೋವೀನ್ ಪಾರ್ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಟಿಕೆಟ್ ಬೇರೆ, ಜನ ಸೀಮಿತ. ವೇಷ ಹಾಕುವ ಫ್ಯಾನ್‌ಗಳಿಗೆ ಇದು ದೊಡ್ಡ ವರ. ಯಾಕಂದರೆ ಮಾಮೂಲಿ ದಿನಗಳಲ್ಲಿ ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ 14 ವರ್ಷ ಮತ್ತು ಮೇಲ್ಪಟ್ಟವರು ವೇಷ ಹಾಕಿ ಬರುವಂತಿಲ್ಲ. ಅದಕ್ಕೇ ಅಲ್ಲಿನ ಫ್ಯಾನ್‌ಗಳು ಪಾತ್ರದ ಬಣ್ಣಗಳನ್ನಷ್ಟೇ ತಗೊಂಡು ಮಾಮೂಲಿ ಬಟ್ಟೆಯಲ್ಲೇ ಹೊಂದಿಸಿಕೊಳ್ಳುತ್ತಾರೆ, ಇದಕ್ಕೆ ಡಿಸ್ನಿಬೌಂಡಿಂಗ್ ಅಂತ ಹೆಸರು. ಹುಟ್ಟುಹಬ್ಬದವರು ಒಂದು ಪಾತ್ರ, ಉಳಿದ ಮೂವರು ಅದೇ ಕಥೆಯ ಬೇರೆ ಪಾತ್ರ. ಖರ್ಚಿಲ್ಲ, ನಿಯಮಕ್ಕೂ ಅಡ್ಡಿಯಿಲ್ಲ, ಫೋಟೋದಲ್ಲಿ ನೋಡಿದ ಕೂಡಲೇ ಇನ್ನೊಬ್ಬ ಫ್ಯಾನ್‌ಗೆ ಗೊತ್ತಾಗುತ್ತದೆ.

ಗೊತ್ತಿರುವ ಪಾರ್ಕ್, ಹೊಸ ಪಾರ್ಕ್

ಈಗ ಬರಲಿ "ಯಾವ ಪಾರ್ಕ್" ಅನ್ನುವ ಪ್ರಶ್ನೆ. ಇದರಲ್ಲಿ ಎಷ್ಟೋ ಸ್ನೇಹಿತರು ನನ್ನ ಮಾತು ಒಪ್ಪೋದಿಲ್ಲ. ಹುಟ್ಟುಹಬ್ಬಕ್ಕೆ ಕನಸಿನ ಪಾರ್ಕ್‌ಗೇ ಹೋಗಬೇಕು, ಈವರೆಗೆ ನೋಡದ ಜಾಗ ನೋಡಬೇಕು ಅನ್ನೋದು ಅವರ ವಾದ. ನಾನು ಹೇಳೋದು, ಚೆನ್ನಾಗಿ ಗೊತ್ತಿರುವ ಪಾರ್ಕ್‌ಗೇ ಹೋಗಿ.

ಹೊಸ ಪಾರ್ಕ್‌ನಲ್ಲಿ ಎಲ್ಲವನ್ನೂ ಮುಗಿಸಬೇಕು ಅನ್ನುವ ಆತುರ ಇರುತ್ತದೆ. ಫ್ಯಾನ್‌ಗಳಿಗಂತೂ ಇನ್ನೂ ಜಾಸ್ತಿ, ಒಂದು ಕ್ರೆಡಿಟ್ ತಪ್ಪಿದರೂ ಮನಸ್ಸಿಗೆ ಸಮಾಧಾನ ಇರಲ್ಲ. ಮ್ಯಾಪ್ ನೋಡೋದು, ಆ್ಯಪ್‌ನಲ್ಲಿ ಕಾಯುವ ಹೊತ್ತು ನೋಡೋದು, ಓಡೋದು. ಆ ದಿನ ಪಾರ್ಕ್‌ನದ್ದಾಗುತ್ತದೆ, ಹುಟ್ಟುಹಬ್ಬದವರದ್ದಾಗಲ್ಲ. ಹತ್ತಾರು ಸಲ ಹೋದ ಪಾರ್ಕ್‌ನಲ್ಲಾದರೆ ಒಂದು ರೈಡ್ ಕೆಟ್ಟು ನಿಂತರೂ ಬೇಸರವಿಲ್ಲ. ಯಾವ ರೆಸ್ಟೋರೆಂಟ್‌ನ ಹಿಂಭಾಗದಲ್ಲಿ ನೆರಳಿದೆ, ಯಾವ ಶೌಚಾಲಯದಲ್ಲಿ ಕ್ಯೂ ಇರಲ್ಲ, ಪರೇಡ್ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ, ಎಲ್ಲ ಗೊತ್ತು. ಇಷ್ಟದ ರೈಡನ್ನೇ ಐದು ಸಲ ಹತ್ತಿ, ಉಳಿದದ್ದನ್ನು ಬಿಟ್ಟು ಬೆಂಚಿನ ಮೇಲೆ ಕೂತು ಹರಟೆ ಹೊಡೆಯಬಹುದು. ಹೊಸ ಪಾರ್ಕ್‌ನಲ್ಲಿ ಹಾಗೆ ಕೂರುವ ಧೈರ್ಯ ಯಾವ ಫ್ಯಾನ್‌ಗೂ ಬರಲ್ಲ.

ಹೊಸ ಪಾರ್ಕೇ ಬೇಕು ಅಂದರೆ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಎಲ್ಲವನ್ನೂ ಹತ್ತಿ ಮುಗಿಸಿ, ಎರಡನೆಯ ದಿನ ಹುಟ್ಟುಹಬ್ಬ.

ಕೇಕ್, ಉಡುಗೊರೆ, ಕ್ಯೂ ಪಾಸ್

ಕೇಕ್ ಹೊರಗಿನಿಂದ ತರೋದಾ, ಒಳಗೆ ಆರ್ಡರ್ ಮಾಡೋದಾ? ಒಳಗೆ. ಬಿಸಿಲಲ್ಲಿ ಕೇಕ್ ಡಬ್ಬ ಹೊತ್ತು ತಿರುಗೋದಕ್ಕೆ ಆಗಲ್ಲ, ಹೊರಗಿನ ತಿಂಡಿ ಬಿಡದ ಪಾರ್ಕ್‌ಗಳೂ ಇವೆ. ಮೇಣದಬತ್ತಿ ಹಚ್ಚಲು ಬಿಡುತ್ತಾರೆ ಅಂತ ನಂಬಿಕೊಂಡು ಹೋಗಬೇಡಿ, ಮೊದಲೇ ಕೇಳಿ. ಬಲೂನ್ ತರುವ ಯೋಚನೆ ಇದ್ದರೆ, ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಂಥ ಪ್ರಾಣಿಗಳಿರುವ ಪಾರ್ಕ್‌ನಲ್ಲಿ ಅದಕ್ಕೆ ಅವಕಾಶವೇ ಇಲ್ಲ, ಪ್ರಾಣಿಗಳ ಜೀವಕ್ಕೇ ಅಪಾಯ. ಸೆಲ್ಫಿ ಸ್ಟಿಕ್ ಕೂಡ ಡಿಸ್ನಿ ಪಾರ್ಕ್‌ಗಳಲ್ಲಿ 2015ರಿಂದ ನಿಷೇಧ.

ಉಡುಗೊರೆ ಜೇಬಿನಲ್ಲಿ ಹಿಡಿಸಬೇಕು. ದೊಡ್ಡ ಪೊಟ್ಟಣ ತಂದರೆ ಸೆಕ್ಯುರಿಟಿಯಲ್ಲಿ ಬಿಚ್ಚಿಸಬಹುದು, ಆಮೇಲೆ ಪ್ರತಿ ಕೋಸ್ಟರ್ ಮುಂದೆ ಲಾಕರ್ ಹುಡುಕಬೇಕು. ಫ್ಯಾನ್‌ಗಳಿಗೆ ಪಿನ್‌ಗಿಂತ (ಬಟ್ಟೆಗೆ ಚುಚ್ಚಿಕೊಳ್ಳುವ ಪುಟ್ಟ ಚಿತ್ರದ ಬಿಲ್ಲೆ) ಒಳ್ಳೆಯ ಉಡುಗೊರೆ ನನಗೆ ಗೊತ್ತಿಲ್ಲ. ಡಿಸ್ನಿಯಲ್ಲಿ ಪಿನ್ ಬದಲಾಯಿಸಿಕೊಳ್ಳುವ ಪದ್ಧತಿ 1999ರಲ್ಲಿ ಶುರುವಾಯಿತು, ಈಗಲೂ ಕೊರಳಿಗೆ ಹಾಕುವ ಪಟ್ಟಿ (ಲ್ಯಾನ್ಯಾರ್ಡ್) ತುಂಬ ಪಿನ್ ನೇತುಹಾಕಿಕೊಂಡು ಓಡಾಡುವವರಿದ್ದಾರೆ. ನಾಲ್ವರು ಸೇರಿ, ಆ ವರ್ಷ ಬಂದ ಪಿನ್‌ಗಳಲ್ಲಿ ಹುಟ್ಟುಹಬ್ಬದವರ ಇಷ್ಟದ ರೈಡ್‌ನದ್ದನ್ನು ಹುಡುಕಿ ಅದೇ ರೈಡ್‌ನ ಕ್ಯೂನಲ್ಲಿ ಕೊಡಿ.

ಕ್ಯೂ ತಪ್ಪಿಸುವ ಪಾಸ್ ತಗೊಳ್ಳೋದಾದರೆ ಎಲ್ಲರಿಗೂ ತಗೊಳ್ಳಿ ಅಥವಾ ಯಾರಿಗೂ ಬೇಡ. ಹುಟ್ಟುಹಬ್ಬದವರಿಗೆ ಒಬ್ಬರಿಗೇ ಪಾಸ್ ಉಡುಗೊರೆ ಕೊಟ್ಟರೆ ಅವರು ಒಬ್ಬರೇ ಹೋಗಬೇಕು, ಅದರಲ್ಲಿ ಏನು ಸುಖ? ಖಾಲಿ ಉಳಿದ ಒಂಟಿ ಸೀಟು ತುಂಬಿಸುವ ಸಿಂಗಲ್ ರೈಡರ್ ಸಾಲಿನದ್ದೂ ಇದೇ ಕಥೆ. ಅದು ಬೇಗ ಸಾಗುತ್ತದೆ, ಆದರೆ ಒಬ್ಬೊಬ್ಬರನ್ನೂ ಬೇರೆ ಬೇರೆ ಕಡೆ ಕೂರಿಸುತ್ತಾರೆ. ನಾಲ್ಕನೆಯ ಸಲ ಅದೇ ರೈಡ್ ಹತ್ತುವಾಗ ಪರವಾಗಿಲ್ಲ, ಮೊದಲ ಸಲಕ್ಕೆ ಬೇಡ. ದುಡ್ಡು ಇರೋದು ಒಂದಕ್ಕೇ ಅಂದರೆ ಪಾಸ್ ಬಿಟ್ಟು ಒಳ್ಳೆಯ ಊಟಕ್ಕೆ ಖರ್ಚು ಮಾಡಿ, ಕ್ಯೂನಲ್ಲಿ ಮಾತಾಡೋದಕ್ಕೆ ಫ್ಯಾನ್‌ಗಳಿಗೆ ವಿಷಯ ಖಾಲಿಯಾಗೋದಿಲ್ಲ.

ರಾತ್ರಿಗೆ ಉಳಿಯೋದು ಒಂದೇ ಆಯ್ಕೆ, ಆಕಾಶದ ಸಿಡಿಮದ್ದು ನೋಡೋದಾ, ಕೊನೆಯ ರೈಡ್ ಹತ್ತೋದಾ. ಪಾತ್ರಗಳ ಪಾರ್ಕ್‌ಗೆ ಮೊದಲ ಬಾರಿ ಬಂದವರು ಗುಂಪಿನಲ್ಲಿ ಒಬ್ಬರಿದ್ದರೂ ಪ್ರದರ್ಶನ ನೋಡಿ. ಎಲ್ಲರೂ ಹಳಬರಾದರೆ ರೈಡ್‌ಗೇ ಹೋಗಿ. ಜನರೆಲ್ಲ ಪ್ರದರ್ಶನದ ಕಡೆ ಹೋಗಿರುವುದರಿಂದ ಕ್ಯೂ ಕರಗಿರುತ್ತದೆ. ಮುಚ್ಚುವ ಹೊತ್ತಿಗೆ ಮೊದಲು ಕ್ಯೂ ಒಳಗೆ ಬಂದವರನ್ನು ಸಾಮಾನ್ಯವಾಗಿ ಹತ್ತಿಸಿಯೇ ಕಳಿಸುತ್ತಾರೆ, ಹಾಗಾಗಿ ಐದು ಹತ್ತು ನಿಮಿಷ ಬಾಕಿ ಇರುವಾಗ ಒಳಗಿರಿ. ಮುಂದಿನ ಸಾಲು ಕೇಳಿ. ಬ್ಯಾಡ್ಜ್ ಬಿದ್ದುಹೋಗದ ಹಾಗೆ ಹತ್ತೋ ಮೊದಲು ತೆಗೆದು ಜಿಪ್ ಇರುವ ಜೇಬಿಗೆ ಹಾಕಿಕೊಳ್ಳಿ.